ಘಟ್ಟ ಇಳಿದು ಒಂದು ಸಂಜೆ ಸುಮ್ನೆ ಕಡಲ ಪಕ್ಕ ಕೂತು ಬಂದವರು ಇದ್ದೀರಾ?

ಶರಾವತಿ ಹಿನ್ನೀರು (ಸಾಗರ)

ನಮ್ಮ ಮನೆಯಲ್ಲಿ ಕಡಲು ನೋಡಿದ್ದೆಲ್ಲ ದೇವಸ್ಥಾನದ ಲೆಕ್ಕದಲ್ಲೇ. ಬೆಳಿಗ್ಗೆ 4ಕ್ಕೆ ಎದ್ದು ವ್ಯಾನ್ ಹತ್ತುವುದು. ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು ಮುಗಿಸಿ ರಾತ್ರಿ 11ಕ್ಕೆ ಮನೆ ಸೇರುವುದು. ನಡುವೆ ಅರ್ಧ ಗಂಟೆ ಕಡಲು. ಅದೂ ಡ್ರೈವರ್ ಹಾರ್ನ್ ಹೊಡೆಯುತ್ತಿರುವಾಗ. ಅಮ್ಮನಿಗೆ ಈಗ 72. ಇಷ್ಟು ವರ್ಷದಲ್ಲಿ ಅವಳು ಕಡಲ ಹತ್ತಿರ ನಿಂತ ಹೊತ್ತನ್ನೆಲ್ಲ ಕೂಡಿಸಿದರೂ ನಾಲ್ಕು ಗಂಟೆ ಆಗಲಿಕ್ಕಿಲ್ಲ.

ಈ ಸಲ ಅಡಿಕೆ ಕೆಲಸ ಎಲ್ಲ ಮುಗಿದ ಮೇಲೆ, ಫೆಬ್ರವರಿ ಕೊನೆಗೆ, ನಾನು ಅಮ್ಮ ಇಬ್ಬರೇ ಹೊರಟೆವು. ದೇವಸ್ಥಾನ ಇಲ್ಲ, ಮದುವೆ ಇಲ್ಲ, ಆಸ್ಪತ್ರೆ ಇಲ್ಲ. ಬೇಗ ಊಟ ಮಾಡಿಕೊಂಡು ಮಧ್ಯಾಹ್ನ ಮನೆ ಬಿಟ್ಟೆವು. ಪಕ್ಕದ ಮನೆಯವರು "ಯಾರ ಮನೆಗೆ?" ಅಂತ ಎರಡು ಸಲ ಕೇಳಿದರು. ಸುಮ್ನೆ ಕಡಲು ನೋಡೋಕೆ ಅಂದರೆ ನಂಬಲಿಲ್ಲ.

ತಾಳಗುಪ್ಪ, ಜೋಗ, ಮಾವಿನಗುಂಡಿ ದಾಟಿ ಗೇರುಸೊಪ್ಪಕ್ಕೆ ಇಳಿದೆವು. ಅಲ್ಲಿಂದ ಹೊನ್ನಾವರದವರೆಗೆ ಶರಾವತಿ ಹೊಳೆ ಆಗಾಗ ಕಾಣುತ್ತಾ ಬರುತ್ತದೆ. ಹೊನ್ನಾವರದ ಸೇತುವೆ ಮೇಲೆ ಅಮ್ಮ ಕಿಟಕಿ ಗಾಜು ಇಳಿಸಿದಳು. ಅವಳು ಹುಟ್ಟಿದ ಊರು ಲಿಂಗನಮಕ್ಕಿ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯಿತಲ್ಲ, ಆ ಕಾಲದ ಮುಳುಗಡೆಯವರು ಅವರು. ಆಗ ಅವಳು ಸಣ್ಣ ಹುಡುಗಿ. ಎಷ್ಟೋ ಹೊತ್ತು ನೀರು ನೋಡಿ "ಇದು ನಮ್ಮ ಹೊಳೆಯೇ ಅಲ್ವಾ?" ಅಂದಳು. ಹೌದು ಅಂದೆ. ಮತ್ತೇನೂ ಮಾತಾಡಲಿಲ್ಲ.

ಹೊನ್ನಾವರದಿಂದ ದಕ್ಷಿಣಕ್ಕೆ ಹೋಗಿ, ಹೆದ್ದಾರಿ ಬಿಟ್ಟು ಒಂದು ಸಣ್ಣ ಮೀನುಗಾರರ ಊರಿಗೆ ಹೋದೆವು. ಅಲ್ಲಿ ಕೈರಂಪಣಿ ಎಳೆಯುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಣ್ಣ ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧ ಸುತ್ತು ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ದಡದಲ್ಲಿ ನಿಂತು ಎಳೆಯುತ್ತಾರೆ. ಎಲ್ಲರೂ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ. ತೀರಾ ಹಿಂದೆ ಬಂದವರು ಹಗ್ಗ ಬಿಟ್ಟು, ಮತ್ತೆ ಮುಂದೆ ಹೋಗಿ ನೀರಿನ ಅಂಚಿನಲ್ಲಿ ಹಿಡಿಯುತ್ತಾರೆ. ಎಲ್ಲ ನಿಧಾನ. ಬಲೆ ದಡಕ್ಕೆ ಬರಲು ಮುಕ್ಕಾಲು ಗಂಟೆ ಆಯ್ತು.

ಅಮ್ಮ ಬುದ್ಧಿ ಬಂದಾಗಿನಿಂದ ಮೀನು ತಿಂದವಳು. ಮೀನಿನ ಗಾಡಿ ಹಾರ್ನ್ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ತಟ್ಟೆ ಹಿಡಿದು ರಸ್ತೆಗೆ ಹೋಗುತ್ತಾಳೆ. ಆದರೆ ಜೀವ ಇರುವ ಬಂಗುಡೆ ನೋಡಿದ್ದು ಅವತ್ತೇ ಮೊದಲು. ಬೆನ್ನ ಮೇಲೆ ನವಿಲಿನ ಕುತ್ತಿಗೆಯಂಥ ನೀಲಿ ಹಸಿರು, ಅದರ ಮೇಲೆ ಕಪ್ಪು ಗೆರೆ, ಹೊಟ್ಟೆ ಬೆಳ್ಳಿ. ನಾವು ನೋಡ್ತಾ ಇದ್ದ ಹಾಗೇ ಆ ಹಸಿರು ಮಾಸುತ್ತಾ ಬಂತು. "ಇಷ್ಟು ಚಂದ ಇರ್ತದಾ ಇದು! ನಮ್ಮಲ್ಲಿಗೆ ಬರೋವಾಗ ಬಣ್ಣವೇ ಇರೂದಿಲ್ಲ" ಅಂದಳು. ಎಳೆಯುತ್ತಿದ್ದವರಲ್ಲಿ ಒಬ್ಬರು ನಗುತ್ತಾ "ಘಟ್ಟದ ಮೇಲಿನವರಾ?" ಅಂತ ಕೇಳಿ, ಒಂದು ಬೊಗಸೆ ಸಣ್ಣ ಮೀನು ಕೊಡಲು ಬಂದರು. ಬೇಯಿಸಲು ಜಾಗ ಇಲ್ಲ ಅಂತ ಕೈ ಮುಗಿದೆವು.

ಸೂರ್ಯ ಮುಳುಗಿದಾಗ 6:30 ದಾಟಿತ್ತು. ಮುಳುಗಿದ ಕೂಡಲೇ ಹೊರಗಿನಿಂದ ಬಂದಿದ್ದ ಎರಡು ಕಾರಿನವರು ಹೋದರು. ನಾವು ಏಳಲಿಲ್ಲ. ನಾನು ಮುಖ್ಯವಾಗಿ ಹೇಳಬೇಕು ಅಂತ ಬರೆಯುತ್ತಿರುವುದು ಇದನ್ನೇ. ಆಮೇಲಿನ ಒಂದು ಗಂಟೆಗೆ ನಾವು ಯಾರೂ ಬೆಲೆ ಕೊಡುವುದಿಲ್ಲ. ಒದ್ದೆ ಮರಳಿನ ಮೇಲೆ ಆಕಾಶದ ಕೆಂಪು ಎಷ್ಟೋ ಹೊತ್ತು ಇತ್ತು. ಗಾಳಿ ನಿಂತಿತು. ಮನೆಗಳಿಂದ ಹೆಂಗಸರು ಒಬ್ಬೊಬ್ಬರೇ ಬಂದು ದೋಣಿ ನೆರಳಿಗೆ ಕಟ್ಟಿದ ಚಪ್ಪರದ ಹತ್ತಿರ ಕೂತರು. ಅಲ್ಲೊಬ್ಬರು ಅಜ್ಜಿ ಅಮ್ಮನ ಪಕ್ಕ ಬಂದರು. ಮಂಡಿನೋವಿನಿಂದ ಶುರುವಾದ ಮಾತು ಮಕ್ಕಳು, ಮೀನಿನ ದರ, ಮಳೆಗಾಲ ಅಂತ ಎಲ್ಲೆಲ್ಲೋ ಹೋಯಿತು. 8 ಗಂಟೆಗೆ ಹೋಗೋಣ ಅಂದರೆ ಅಮ್ಮ "ಇನ್ನೊಂಚೂರು ಹೊತ್ತು ಕೂರನ ಮಾರಾಯ" ಅಂದಳು. ರಾತ್ರಿ ಹೊನ್ನಾವರದಲ್ಲೇ ರೂಮು ಮಾಡಿ ಉಳಿದೆವು.

ನಮ್ಮ ಶಿವಮೊಗ್ಗ ಜಿಲ್ಲೆಯವರಲ್ಲಿ ಹೀಗೆ ಸುಮ್ನೆ ಹೋಗಿ ಕೂತು ಬರುವವರು ಇದ್ದೀರಾ? ಯಾವ ದಾರಿ, ಯಾವ ಹೊತ್ತು, ಏನು ನೋಡಿದಿರಿ, ಬರೆಯಿರಿ.

ಗಾಂಧಿ ಬಜಾರ್ (ಶಿವಮೊಗ್ಗ)

ಓದಿ ಖುಷಿಯಾಯ್ತು ಸಾರ್. ಊರಿನ ಹೆಸರು, ಮ್ಯಾಪ್ ಲೊಕೇಶನ್ ಹಾಕಿ. ಮುಂದಿನ ವಾರ ನಾವು ಎಂಟು ಜನ ಹೋಗೋಣ ಅಂತಿದ್ದೇವೆ.

ಬಲೆಮನೆ (ಕುಂದಾಪುರ ಕಡೆ)

ಹಿನ್ನೀರಿನವರೇ, ಲೊಕೇಶನ್ ಹಾಕಬೇಡಿ. ಬರಬೇಡಿ ಅಂತ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಆ ದಡ ಅವರ ಅಂಗಳ. ನಿಮ್ಮಲ್ಲಿ ಅಡಿಕೆ ಒಣ ಹಾಕಿದ ಅಂಗಳದಲ್ಲಿ ಯಾರೋ ಕಾರು ತಿರುಗಿಸಿದರೆ ಹೇಗೆ? ಇಲ್ಲೂ ಹಾಗೇ. ಬಲೆ ಹರಡಿರುತ್ತಾರೆ, ಮೀನು ಒಣಗಿಸಿರುತ್ತಾರೆ. ಬಲೆಯ ಮೇಲೆ ಚಪ್ಪಲಿ ಹಾಕಿ ನಡೆದರೆ ನಮಗೆ ತುಂಬ ಬೇಜಾರಾಗುತ್ತದೆ. ಬಾಟಲಿ ಚೂರು ಬಿದ್ದರೆ ಮಾರನೇ ದಿನ ಬರಿಗಾಲಲ್ಲಿ ಹಗ್ಗ ಎಳೆಯುವವರ ಕಾಲಿಗೇ ಹೋಗುವುದು.

ಇಬ್ಬರು ಮೂವರು ಬನ್ನಿ. ಅಲ್ಲೇ ಇರುವ ಗೂಡಂಗಡಿಯಲ್ಲಿ ಚಾ ಕುಡಿಯಿರಿ. ಬಲೆ ಎಳೆಯುವಾಗ ಕೇಳಿ ಕೈ ಹಾಕಿ, ಖುಷಿಯಿಂದ ಹಗ್ಗ ಕೊಡುತ್ತೇವೆ. ಜೀವಂತ ಬಂಗುಡೆ ಬಣ್ಣ ನೋಡಿ ನಿಮ್ಮ ಅಮ್ಮ ಹೇಳಿದ್ದನ್ನು ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾವು ದಿನಾ ನೋಡುತ್ತೇವಲ್ಲ, ನಮಗೆ ಅದು ಕಾಣುವುದೇ ಇಲ್ಲ.

ಕೊಗಾರು ದಾರಿ (ಕಾರ್ಗಲ್)

ಹೆಸರು ಹೇಳಬಾರದು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾಲ್ಕು ಜನ ಬಂದರೆ ಆ ಗೂಡಂಗಡಿಯವರಿಗೂ ನಾಲ್ಕು ಕಾಸು ಸಿಗುತ್ತದೆ ಅಲ್ವಾ? ಜೋಗದಲ್ಲಿ ಬರುವವರನ್ನು ನಂಬಿಕೊಂಡೇ ಎಷ್ಟೋ ಮನೆ ನಡೆಯುತ್ತಿವೆ. ಆದರೆ ಎಂಟು ಜನ, ಎರಡು ಕಾರು, ಸ್ಪೀಕರ್ ಅಂತ ಆದರೆ ಅದಕ್ಕೆ ಬೇರೆ ಜಾಗ ಇದೆ. ಕಾಸರಕೋಡು ಇಕೋ ಬೀಚ್ ಇದೆ. 2020ರಲ್ಲಿ ಪಡುಬಿದ್ರಿ ಜೊತೆಗೆ ಅದಕ್ಕೂ ಶುಚಿಯಾದ, ಸುರಕ್ಷಿತ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಸ್ನಾನ, ಶೌಚಾಲಯ ಎಲ್ಲ ವ್ಯವಸ್ಥೆ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅದೇ ಒಳ್ಳೆಯದು. ಹತ್ತಿರದಲ್ಲೇ ಶರಾವತಿ ಕಾಂಡ್ಲಾವನದ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ನಡುವೆ ಮರದ ಹಾದಿಯೂ ಇದೆ. ಸಂಜೆ 5ರ ಹೊತ್ತಿಗೆ ಅಲ್ಲಿ ನಡೆದರೆ ಹಕ್ಕಿ ಸದ್ದು ಬಿಟ್ಟರೆ ಬೇರೆ ಏನೂ ಕೇಳಿಸುವುದಿಲ್ಲ.

ತುಂಗೆಯ ದಡ (ತೀರ್ಥಹಳ್ಳಿ)

ನಾನು ಎಷ್ಟೋ ವರ್ಷ ಆಗುಂಬೆಯಿಂದಲೇ ಕಡಲು ನೋಡಿ ತೃಪ್ತಿಪಟ್ಟವನು. ಮೋಡ ಇಲ್ಲದ ದಿನ ಸೂರ್ಯಾಸ್ತದ ಕಟ್ಟೆಯಿಂದ ದೂರದಲ್ಲಿ ಅರಬ್ಬೀ ಕಡಲು ಒಂದು ಹೊಳೆಯುವ ಪಟ್ಟಿಯ ಹಾಗೆ ಕಾಣುತ್ತದೆ. ಅಷ್ಟು ಸಾಕು, ಇಳಿದು ಸೆಕೆಯಲ್ಲಿ ಬೇಯುವುದು ಯಾಕೆ ಅಂತ ವಾದ ಮಾಡುತ್ತಿದ್ದೆ.

ಹೋದ ವರ್ಷ ಅಕ್ಕನ ಮಗಳು ಹಟ ಮಾಡಿ ಕರೆದುಕೊಂಡು ಹೋದಳು. 14 ತಿರುವು ಇಳಿದು, ಸೋಮೇಶ್ವರ, ಹೆಬ್ರಿ ಮೇಲೆ ಹೋಗಿ, ಉಡುಪಿಯ ಉತ್ತರಕ್ಕೆ ಒಂದು ಊರಿನ ದಡದಲ್ಲಿ ಕೂತೆವು. ಮೇಲಿನಿಂದ ನೋಡುವಾಗ ಕಡಲಿಗೆ ಸದ್ದೇ ಇರಲಿಲ್ಲ. ಅಷ್ಟು ವರ್ಷ ನಾನು ಮೂಕ ಕಡಲು ನೋಡಿದ್ದೆ ಅನ್ನಿಸಿತು.

ಕತ್ತಲಾದ ಮೇಲೆ ದೂರದಿಂದ ಚೆಂಡೆ ಕೇಳಿಸಿತು. ಊರಿನ ಆಚೆ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟ. ನವೆಂಬರಿನಿಂದ ಮೇ ತನಕ ಆ ಕಡೆ ಮೇಳಗಳ ತಿರುಗಾಟ ಇರುತ್ತದಲ್ಲ. ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂರಬಹುದು. ಮರಳು ಮೆತ್ತಿದ ಕಾಲಲ್ಲೇ ಹೋಗಿ ಕೂತೆವು. ನಮ್ಮ ಕಡೆಯೂ ಬಡಗುತಿಟ್ಟು ಶೈಲಿಯ ಆಟದ ಹುಚ್ಚು ಜಾಸ್ತಿಯೇ. ಆದರೆ ಅಲೆಯ ಸದ್ದು ಹಿಂದೆ, ಭಾಗವತರ ಪದ ಮುಂದೆ, ಹಾಗೆ ನಾನು ಹಿಂದೆಂದೂ ಆಟ ನೋಡಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ಶರಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ. ತುಂಗೆ ನಮ್ಮ ಊರಿನ ಮೇಲೆ ಹಾದು ಪೂರ್ವಕ್ಕೆ ಹೋಗಿ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಬೀಳುತ್ತಾಳೆ. ಶರಾವತಿ 128 ಕಿಲೋಮೀಟರಿನಲ್ಲೇ ಪಶ್ಚಿಮದ ಕಡಲಿಗೆ. ಅಮ್ಮನಿಗೆ ಒಂದು ಸಲ ಅಂಬುತೀರ್ಥವನ್ನೂ ತೋರಿಸಿ. ಹೊಳೆಯ ಎರಡೂ ತುದಿ ನೋಡಿದ ಹಾಗಾಗುತ್ತದೆ.

ಹಸಿರುಕಾನು (ಸಾಗರ)

ನಾವು ಮೀನು ತಿನ್ನದವರು. ಸಣ್ಣ ಊರಿಗೆ ಹೋದರೆ ರಾತ್ರಿ ಊಟಕ್ಕೆ ಏನು ಮಾಡುವುದು ಅನ್ನುವುದೇ ಯೋಚನೆ.

ಶರಾವತಿ ಹಿನ್ನೀರು (ಸಾಗರ)

ಅಕ್ಕಾ, ಹೆದ್ದಾರಿ ಪಕ್ಕದ ಪೇಟೆಗಳಲ್ಲೆಲ್ಲ ಸಸ್ಯಾಹಾರಿ ಹೋಟೆಲ್ ಇವೆ. ಸಂಜೆ ಬನ್ಸ್, ಗೋಳಿಬಜೆ ಸಿಗುತ್ತದೆ. ನಾವು ಮನೆಯಿಂದಲೇ ಹಚ್ಚಿದ ಅವಲಕ್ಕಿ, ಮಜ್ಜಿಗೆ, ಬಾಳೆಹಣ್ಣು ಒಯ್ದಿದ್ದೆವು. ದಡದಲ್ಲಿ ಬೊಂಡ ಕುಡಿದೆವು. ಘಟ್ಟದ ಕೆಳಗೆ ಎಳನೀರಿಗೆ ಬೊಂಡ ಅನ್ನುತ್ತಾರೆ, ಕೇಳುವಾಗ ನೆನಪಿರಲಿ. ಹೊಟ್ಟೆ ಭಾರ ಇಲ್ಲದಿದ್ದರೆ ಕೂರುವುದೂ ಸುಖ.

ನಗರ ಹೋಬಳಿ (ಹೊಸನಗರ)

ನಮಗೆ ಹುಲಿಕಲ್ ಘಟ್ಟವೇ ದಾರಿ. ಮಾಸ್ತಿಕಟ್ಟೆ, ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಗಂಗೊಳ್ಳಿಯ ಅಳಿವೆ ನನಗೆ ತುಂಬ ಇಷ್ಟ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಐದೂ ಸೇರಿ ಅಲ್ಲಿ ಪಂಚಗಂಗಾವಳಿ ಆಗುತ್ತದೆ. ಅದರಲ್ಲಿ ವಾರಾಹಿ, ಚಕ್ರಾ ನಮ್ಮ ಕಡೆಯ ಕಾಡಿನ ನೀರು. ಸಂಜೆ ದೋಣಿಗಳು ಒಂದೊಂದೇ ಒಳಗೆ ಬರುತ್ತವೆ. ಎಂಜಿನ್ ಸದ್ದು ಮೊದಲು ಕೇಳುತ್ತದೆ, ಆಮೇಲೆ ದೀಪ, ಆಮೇಲೆ ದೋಣಿ.

ನಮ್ಮ ಅಜ್ಜ ಹೇಳುತ್ತಿದ್ದರು, ಮೊದಲೆಲ್ಲ ಈ ಘಟ್ಟದಲ್ಲಿ ಎತ್ತಿನ ಮೇಲೆ ಹೇರು ಹೋಗುತ್ತಿತ್ತಂತೆ. ಕೆಳದಿ ಅರಸರ ಕಾಲದಲ್ಲಿ ಬಿದನೂರಿನ ಅಕ್ಕಿ, ಮೆಣಸು ಬಸ್ರೂರು ಬಂದರಿಗೆ ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ಒಣಮೀನು ಮೇಲೆ ಬರುತ್ತಿತ್ತು. ಘಟ್ಟ ಇಳಿಯುವಾಗೆಲ್ಲ ನನಗೆ ಅದೇ ನೆನಪು.

ಮರವಂತೆ ಬಗ್ಗೆ ಒಂದು ಮಾತು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ನೋಡೋಕೆ ಅದ್ಭುತ. ಆದರೆ ಕೂರೋಕೆ ಅಲ್ಲ, ಬೆನ್ನ ಹಿಂದೆ ಲಾರಿ ಸದ್ದು ನಿಲ್ಲುವುದೇ ಇಲ್ಲ.

ಗಾಂಧಿ ಬಜಾರ್ (ಶಿವಮೊಗ್ಗ)

ಬಲೆಮನೆಯವರು ಹೇಳಿದ್ದು ಸರಿ ಅನ್ನಿಸಿತು. ಲೊಕೇಶನ್ ಬೇಡ. ಎಂಟು ಜನರ ಪ್ಲಾನ್ ಬಿಟ್ಟು ನಾನು, ನನ್ನ ಹೆಂಡತಿ ಇಬ್ಬರೇ ಹೋಗುತ್ತೇವೆ. ನಮ್ಮ ಹತ್ತಿರ ಕಾರಿಲ್ಲ. ರೈಲು ತಾಳಗುಪ್ಪಕ್ಕೇ ಮುಗಿಯುತ್ತದೆ, ಘಟ್ಟ ಇಳಿಯುವುದಿಲ್ಲ. ಬಸ್ಸಲ್ಲಿ ಹೋಗಿ ಬಂದವರು ಹೇಳಿ.

ಕೊನೆ ಬಸ್ (ಹೊಸನಗರ)

ನಾನು ಎಲ್ಲ ಕಡೆ ಬಸ್ಸಲ್ಲೇ ಓಡಾಡುವವಳು. ಕೊಲ್ಲೂರಿಗೆ ಬಂದರೆ ಬೈಂದೂರಿಗೆ ಬಸ್ ಸಿಗುತ್ತದೆ. ಅಲ್ಲಿಂದ ರಿಕ್ಷಾದಲ್ಲಿ ಸೋಮೇಶ್ವರ ಬೀಚ್. ಪಕ್ಕದಲ್ಲೇ ಒತ್ತಿನೆಣೆ ಗುಡ್ಡ. ಹೊಳೆ ಬಂದು ಕಡಲು ಸೇರುವುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಸಂಜೆ ಆದ ಮೇಲೆ ಒಳದಾರಿಯಲ್ಲಿ ಬಸ್ ಕಡಿಮೆ. ಆದ್ದರಿಂದ ಹೋದ ರಿಕ್ಷಾದವರಿಗೇ ಮೊದಲೇ ಹೊತ್ತು ಹೇಳಿ, ಬೈಂದೂರಲ್ಲಿ ಉಳಿಯಿರಿ. ಬಸ್ ತಪ್ಪುತ್ತದೆ ಅನ್ನುವ ಭಯ ಇದ್ದರೆ ಕಡಲು ನೋಡುವುದಕ್ಕಿಂತ ವಾಚ್ ನೋಡುವುದೇ ಆಗುತ್ತದೆ.

ಹಸಿರುಕಾನು (ಸಾಗರ)

ಸಾಗರದವರಿಗೆ ಈಗ ಆ ದಾರಿಯೂ ಸುಲಭ. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಶುರುವಾಯಿತಲ್ಲ. ಮೊದಲು ತುಮರಿ ಮೇಲೆ ಕೊಲ್ಲೂರಿಗೆ ಹೋದರೆ ವಾಪಸ್ ಬರುವಾಗ ಹಿನ್ನೀರು ದಾಟಿಸುವ ಕೊನೆಯ ಲಾಂಚ್ ಹಿಡಿಯಬೇಕು ಅಂತ ಮಧ್ಯಾಹ್ನವೇ ಹೊರಡಬೇಕಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ನಾವು ಒಂದು ಸಲವೂ ಕಡಲಲ್ಲಿ ಸೂರ್ಯ ಮುಳುಗುವುದನ್ನು ನೋಡದೇ ಇದ್ದದ್ದು ಈ ಲಾಂಚಿನ ಲೆಕ್ಕಾಚಾರದಿಂದಲೇ.

ಬಲೆಮನೆ (ಕುಂದಾಪುರ ಕಡೆ)

ಬರುವವರಿಗೆ ಕೆಲವು ವಿಷಯ.

ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ನಮ್ಮ ಕಡೆ ಸಂಜೆ ಹೊತ್ತಿಗೆ ಇಳಿತ. ಮರಳು ಅಗಲವಾಗಿ ಬಿಟ್ಟಿರುತ್ತದೆ, ನಡೆಯಲು ಚಂದ. ಕತ್ತಲಾಗುತ್ತಾ ಭರತ ಏರುತ್ತದೆ. ಅಷ್ಟಮಿ ಹತ್ತಿರ ಬಂದರೆ ಸಂಜೆಗೇ ನೀರು ಮೇಲೆ ಇರುತ್ತದೆ, ಕೂರಲು ಜಾಗ ಸಣ್ಣದು. ಭರತ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಹುಣ್ಣಿಮೆಗೇ ಬನ್ನಿ. ಸೂರ್ಯ ಕಡಲಿಗೆ ಇಳಿಯುವ ಹೊತ್ತಿಗೇ ಬೆನ್ನ ಹಿಂದೆ ಘಟ್ಟದ ಮೇಲೆ ಚಂದ್ರ ಬರುತ್ತಾನೆ. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ಫೋಟೊ ಹೊಡೆಯುತ್ತಾರೆ, ಹಿಂದೆ ತಿರುಗಿ ನೋಡುವವರೇ ಇಲ್ಲ.

ಗಾಳಿ ನಿಂತಿತು ಅಂದಿರಲ್ಲ, ಅದು ದಿನಾ ಆಗುವುದೇ. ಹಗಲು ನೆಲ ಬೇಗ ಕಾಯುತ್ತದೆ, ಕಡಲಿನಿಂದ ತಂಪು ಗಾಳಿ ಒಳಗೆ ಬರುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ನಡುವೆ ಸ್ವಲ್ಪ ಹೊತ್ತು ಎರಡೂ ಇಲ್ಲ.

ಇಳಿತದಲ್ಲಿ ಒದ್ದೆ ಮರಳಿನ ಹತ್ತಿರ ಕೂತು ನೋಡಿ. ಬೆರಳು ಹೋಗುವಷ್ಟು ತೂತು, ಸುತ್ತ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಸಾಲಾಗಿ ಇರುತ್ತವೆ. ಸಣ್ಣ ಏಡಿ ಮರಳು ಬಾಯಿಗೆ ಹಾಕಿ, ತಿನ್ನುವುದನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಹಿಂದೆ ತಳ್ಳುತ್ತದೆ. ನೀವು ಅಲ್ಲಾಡದೆ ಎರಡು ನಿಮಿಷ ಕೂತರೆ ಮಾತ್ರ ಹೊರಗೆ ಬರುತ್ತದೆ.

ಚಳಿಗಾಲದಲ್ಲಿ ರಾತ್ರಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಟಾರ್ಚ್, ಫ್ಲ್ಯಾಶ್ ಹಾಕಬೇಡಿ, ಮರಳಿನ ಮೇಲೆ ಗಾಡಿ ಓಡಿಸಬೇಡಿ. ಮರಿಗಳು ಬೆಳಕು ಕಂಡ ಕಡೆ ನಡೆಯುತ್ತವೆ. ದಡದ ದೀಪ ನೋಡಿ ರಸ್ತೆ ಕಡೆ ಬಂದು ಸಾಯುತ್ತವೆ.

ಕೊನೆಯದು, ಇದನ್ನು ತುಂಬ ಕೇಳಿಕೊಳ್ಳುತ್ತೇನೆ. ಹೊಳೆ ಈಜಿದವರು ಕಡಲೂ ಹಾಗೇ ಅಂತ ಇಳಿಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಲು ಒದ್ದೆ ಮಾಡುವುದೂ ಬೇಡ. ಬೇರೆ ದಿನಗಳಲ್ಲೂ ಅಲೆ ಒಡೆಯದೇ ಸುಮ್ನಿರುವ ಜಾಗ ಕಂಡರೆ ಅದು ಶಾಂತ ಅಲ್ಲ, ನೀರು ಹೊರಗೆ ಎಳೆಯುವ ಸೆಳೆತ ಇರುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ಘಟ್ಟದ ಮೇಲಿನ ಹುಡುಗರನ್ನು ಹುಡುಕಲು ನಮ್ಮವರು ದೋಣಿ ಇಳಿಸಿದ ರಾತ್ರಿಗಳು ನನಗೆ ಮರೆಯುವುದಿಲ್ಲ.

ಕೊಗಾರು ದಾರಿ (ಕಾರ್ಗಲ್)

ರಾತ್ರಿ ಘಟ್ಟ ಹತ್ತುವ ಬಗ್ಗೆಯೂ ಅಷ್ಟೇ. ಗೇರುಸೊಪ್ಪ ಘಟ್ಟ ಪೂರ್ತಿ ಕಾಡು, ಸಿಂಗಳೀಕದ ಅಭಯಾರಣ್ಯ. ತಿರುವಿನಲ್ಲಿ ಕಾಡುಕೋಣ ನಿಂತಿದ್ದರೆ ಹತ್ತಿರ ಬರುವ ತನಕ ಕಾಣುವುದಿಲ್ಲ. ಒಂದು ರಾತ್ರಿ ಉಳಿಯುವ ಹಾಗೆ ಹೋಗಿ.

ಗಾಂಧಿ ಬಜಾರ್ (ಶಿವಮೊಗ್ಗ)

ಹೋಗಿ ಬಂದೆವು. ಬೈಂದೂರು. ಏಡಿ ಹೊರಗೆ ಬರಲು ಎರಡಲ್ಲ, ಆರು ನಿಮಿಷ ಬೇಕಾಯ್ತು. ಮೂರು ವರ್ಷದಿಂದ ಅಂಗಡಿಗೆ ಒಂದು ದಿನ ರಜಾ ಹಾಕಿರಲಿಲ್ಲ ನಾನು. ಫೋನ್ ರೂಮಲ್ಲೇ ಬಿಟ್ಟಿದ್ದೆ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಒಳ್ಳೆಯದಾಯ್ತು.

ಶರಾವತಿ ಹಿನ್ನೀರು (ಸಾಗರ)

ಬಲೆಮನೆಯವರ ಮಾತು ಕೇಳಿ ಹೋಳಿ ಹುಣ್ಣಿಮೆಗೆ ಮತ್ತೆ ಹೋದೆವು. ಈ ಸಲ ಚಿಕ್ಕಮ್ಮನೂ ಬಂದರು, ಅವರೂ ಅದೇ ಮುಳುಗಿದ ಊರಿನವರು. ಅಮ್ಮ ಆ ಅಜ್ಜಿಗೆ ಅಂತ ಎರಡು ಸೇರು ಅಪ್ಪೆಮಿಡಿ, ಒಂದು ಚಿಪ್ಪು ಬಾಳೆ ಕಟ್ಟಿಕೊಂಡಿದ್ದಳು. ಅಜ್ಜಿ ಮಿಡಿಯ ತೊಟ್ಟು ಮುರಿದು ಮೂಸಿ ನೋಡಿ, ಸೊನೆ ವಾಸನೆಗೆ ನಕ್ಕರು. ಬರುವಾಗ ಒಣಮೀನಿನ ಪೊಟ್ಟಣ ಕೈಗಿಟ್ಟರು. ನಗರ ಹೋಬಳಿಯವರು ಬರೆದ ಎತ್ತಿನ ಹೇರು ನೆನಪಾಯಿತು.

ನೀರು ತುಂಬ ಕೆಳಗಿತ್ತು. ಮೂವರೂ ಚಪ್ಪಲಿ ಬಿಟ್ಟು ಒದ್ದೆ ಮರಳಿನಲ್ಲಿ ನಿಧಾನ ನಡೆದರು. ಸೂರ್ಯ ಮುಳುಗುವಾಗ ನಾನು ಹಿಂದೆ ತಿರುಗಿ ನೋಡಿ ಅಂದೆ. ತೆಂಗಿನ ಮರಗಳ ಮೇಲೆ, ಘಟ್ಟದ ಸಾಲಿನ ಹಿಂದಿನಿಂದ ಚಂದ್ರ ಏಳುತ್ತಿದ್ದ. ಚಿಕ್ಕಮ್ಮ ಕೈ ತೋರಿಸಿ "ಅಕ್ಕಾ, ಅದು ನಮ್ಮನೆ ದಿಕ್ಕು" ಅಂದರು. ಅಮ್ಮ ಕಡಲಿಗೆ ಬೆನ್ನು ಹಾಕಿ ಅಲ್ಲೇ ಕೂತಳು. ಏಳೂವರೆ ಹೊತ್ತಿಗೆ ಭರತದ ನೀರು ಚಪ್ಪಲಿ ಇಟ್ಟ ಜಾಗಕ್ಕೆ ಬಂತು. ಎತ್ತಿ ಹತ್ತು ಹೆಜ್ಜೆ ಮೇಲೆ ಇಟ್ಟು, ಮತ್ತೆ ಬಂದು ಕೂತೆವು.